ಓಟಗಾರರು ಬರುವವರೆಗೆ ನಾಲ್ಕು ಮಾತು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಬೆಳಗಿನಿಂದ ಕೆಂಗಲ್‌ನ ಈ ಶಾಮಿಯಾನದ ಕೆಳಗೆ ಕಾದು ಕೂತಿರುವ ಸಭಿಕರೇ,

ಮೊದಲು ಕ್ಷೇಮಸಮಾಚಾರ. ವೆಂಕಟಲಕ್ಷ್ಮಮ್ಮನವರೇ, ಮಂಡಿನೋವು ಹೇಗಿದೆ? ಚೆಲುವಯ್ಯನವರೇ, ಕಣ್ಣಿನ ಆಪರೇಷನ್ ಆದ ಮೇಲೆ ನನ್ನ ಮುಖ ಸ್ಪಷ್ಟವಾಗಿ ಕಾಣುತ್ತಿದೆಯೇ? ಕಂಡರೆ ಗಾಬರಿಯಾಗಬೇಡಿ, ಅದು ಮೊದಲಿನಿಂದಲೂ ಹೀಗೆಯೇ. ಹಿಂದಿನ ಸಾಲಿನಲ್ಲಿ ನನ್ನ ತಂಗಿ ಗುಲ್ಜಾರ್ ಬೀ ಇದ್ದಾಳೆ. ಅವಳ ಸಕ್ಕರೆ ಕಾಯಿಲೆಯ ವಿಚಾರ ಕೇಳುವುದಿಲ್ಲ, ಕೈಯಲ್ಲಿರುವ ಮೈಸೂರುಪಾಕೇ ಉತ್ತರ ಹೇಳುತ್ತಿದೆ.

ನಾನು ಗಫಾರ್, ಚನ್ನಪಟ್ಟಣದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವವನು. ಶಾಲೆ ಬೇಗ ಬಿಟ್ಟವನು. ಓಟದ ಸುದ್ದಿ ಎಲ್ಲಿ ಬಂದರೂ ಹುಡುಕಿ ಓದುವ ಚಟವಿದೆಯೆಂದು, ನಮ್ಮ ಓಟದ ಸಂಘದ ವಾರ್ಷಿಕೋತ್ಸವದಲ್ಲಿ ದೇಶದ ಓಟದ ಇತಿಹಾಸ ಹೇಳಲು ನನ್ನನ್ನು ನಿಲ್ಲಿಸಿದ್ದಾರೆ. ಮೈಕು ಕೊಡುವಾಗ ಕಾರ್ಯದರ್ಶಿ ನಾಗರಾಜು ಕಿವಿಯಲ್ಲಿ, “ಸಾಬ್ರೇ, ಓಡೋರು ಬರೋಗಂಟ ಒಸಿ ಎಳೀರಿ, ಇಲ್ದಿದ್ರೆ ಜನ ಎದ್ದೋಗ್ಬುಡ್ತಾರೆ” ಅಂದರು. ನೂಲು ಎಳೆದವನಿಗೆ ಮಾತು ಎಳೆಯುವುದು ಕಷ್ಟವೇ?

ನಮ್ಮಲ್ಲಿ ಮೊದಲು ಓಡಿದವರು ಯಾರು? ಪದಕಕ್ಕಾಗಿ ಓಡಿದವರೇ? ಅಲ್ಲ. ಅಂಚೆಯವರು! ಕೋಲಿಗೆ ಗೆಜ್ಜೆ ಕಟ್ಟಿ, ಹೆಗಲಿಗೆ ಚೀಲ ಹಾಕಿ, ಕಾಡುದಾರಿಯಲ್ಲಿ ಓಡಿದರು. ಪದಕದ ಆಸೆ ಬಂದದ್ದು ಆಮೇಲೆ. ಸಾವಿರದ ಒಂಬೈನೂರ ಇಪ್ಪತ್ತರಲ್ಲಿ ಬೆಳಗಾವಿ ಸೀಮೆಯವರೊಬ್ಬರು ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿದರು. ಅರವತ್ತರಲ್ಲಿ ರೋಮ್‌ನಲ್ಲಿ ನಮ್ಮ ಪಂಜಾಬಿನ ಸರದಾರರೊಬ್ಬರು ನಾಲ್ಕನೆಯವರು. ಎಂಬತ್ತನಾಲ್ಕರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೇರಳದ ಹೆಣ್ಣುಮಗಳು, ಅವರೂ ನಾಲ್ಕನೆಯವರು. ನಾಲ್ಕನೆಯವರನ್ನು ಹೀಗೆ ಎದೆಯಲ್ಲಿಟ್ಟುಕೊಂಡ ದೇಶ ಬೇರೆ ಯಾವುದಿದೆ?

ಅಗೋ, ಮೊದಲನೆಯವಳು ಬಂದಳು! ಚೆಲುವಯ್ಯನವರೇ, ನಿಮ್ಮ ಮೊಮ್ಮಗಳು ಧನುಶ್ರೀ! ಜೋರಾಗಿ ಚಪ್ಪಾಳೆ ತಟ್ಟಿ.

ಅವಳ ಜೊತೆಗೇ ಇನ್ನೊಬ್ಬಳು ಬರಬೇಕಿತ್ತು. ಮುಬಶ್ಶಿರಾ, ನನ್ನ ಮೊಮ್ಮಗಳು. ಅಭ್ಯಾಸದಲ್ಲಿ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟೇ ಓಡುತ್ತಾರೆ. ಧನು, ಮುಬಿ ಎಲ್ಲಮ್ಮ? ಹಿಂದೆ ಎಂದು ಕೈ ತೋರಿಸುತ್ತಿದ್ದಾಳೆ. ಬರಲಿ, ಬರಲಿ.

ಎಲ್ಲಿದ್ದೆ? ಲಾಸ್ ಏಂಜಲೀಸ್. ಅಲ್ಲಿಂದ ಮುಂದೆ ಕಾಲ ಬದಲಾಯಿತು. ಹೊಟ್ಟೆ ಕರಗಿಸಲು ಓಡುವವರು, ಖುಷಿಗೆ ಓಡುವವರು ಬಂದರು. ಬೆಂಗಳೂರಿನವರು ಬೆಳಕು ಹರಿಯುವ ಮೊದಲೇ ಕಾರಿನಲ್ಲಿ ಬಂದು ನಮ್ಮ ರಾಮನಗರದ ಬಂಡೆಗಳ ಕೆಳಗೆ ಓಡಿ, ತಟ್ಟೆ ಇಡ್ಲಿ ತಿಂದು ಹೋಗುತ್ತಾರೆ. ಇನ್ನೂ ಮೂವರು ಬಂದರು. ಅವರಲ್ಲಿ ಅವಳಿಲ್ಲ. ಚಪ್ಪಾಳೆ ಹೊಡೆಯಿರಿ, ನಾನು ರಸ್ತೆ ನೋಡುತ್ತೇನೆ.

ಸಭಿಕರೇ, ಇತಿಹಾಸ ಒಂದು ಗಳಿಗೆ ನಿಲ್ಲಲಿ. ನನ್ನ ಜುಬ್ಬಾದ ಜೇಬಿನಲ್ಲಿ ಒಂದು ವಸ್ತುವಿದೆ. ಇದು ಉಬ್ಬಸದ ಪಂಪು. ಇದು ಅವಳದ್ದು.

ಗೂಡು ಬೇಯಿಸುವ ಮನೆಗಳ ಉಸಿರು ನಿಮಗೆ ಗೊತ್ತು. ಆ ಹಬೆ, ಆ ಹುಳುವಿನ ವಾಸನೆ ಎಷ್ಟೋ ಎದೆಗಳಲ್ಲಿ ಕೂತಿದೆ. ಆದರೆ ಯಾರ ಮನೆಯಲ್ಲಿ ಇದರ ಹೆಸರೆತ್ತುತ್ತಾರೆ? ಹುಡುಗಿಗೆ ಉಬ್ಬಸವೆಂದು ತಿಳಿದರೆ ಹೆಣ್ಣು ನೋಡಲು ಬಂದವರು ಚಹಾ ಕುಡಿದು ಸುಮ್ಮನೆ ಎದ್ದು ಹೋಗುತ್ತಾರೆ. ಅದಕ್ಕೇ ಇಂದು ಬೆಳಿಗ್ಗೆ ನಾನು, “ಜನದ ಮುಂದೆ ಇದ್ನ ಎಳೀಬೇಡ ಮಗಾ, ನಂಗೆ ಕೊಡು. ಓಟ ಮುಗುದ್ಮೇಲೆ ಮರೇಲಿ ತಗೊಳ್ಳಿವಂತೆ” ಅಂದೆ.

“ಮಧ್ಯದಲ್ಲೇ ಕಟ್ಕೊಂಡ್ರೆ, ದಾದಾ?”

“ಮೊನ್ನೆ ಕಟ್ಟಿತ್ತಾ? ಇಲ್ವಲ್ಲ.”

“ಇವತ್ತೂ ಕಟ್ಟಲ್ಲ ಅಂತ ನನ್ನ ಉಸಿರೇನು ನಿಮ್ಗೆ ಬಾಂಡ್ ಬರ್ಕೊಟ್ಟೈತಾ?” ಎಂದು ನಕ್ಕು, ಕೊಟ್ಟು ಓಡಿದಳು.

ನಾಗರಾಜಣ್ಣ, ನಿಮ್ಮ ಬೈಕ್ ತೆಗೆಯಿರಿ. ಇದನ್ನು ಹಿಡಿಯಿರಿ. ಜೇಬಿಗಿಡಬೇಡಿ, ಕೈಯಲ್ಲೇ ಇರಲಿ, ಎಲ್ಲರಿಗೂ ಕಾಣಲಿ. ಬೇಗ ಹೊರಡಿ.

ರಸ್ತೆಯುದ್ದಕ್ಕೂ ಕಂಬಗಳಿಗೆ ಧ್ವನಿವರ್ಧಕ ಕಟ್ಟಿದ್ದಾರೆ. ಹಾಗಾದರೆ ನನ್ನ ದನಿ ಅವಳಿಗೂ ಕೇಳುತ್ತಿರಬೇಕು. ಮುಬಿ, ನಿಂತ್ಕೋ ಮಗಾ. ಓಡ್ಬೇಡ. ಎಲ್ಲಿದೀಯೋ ಅಲ್ಲೇ ಕೂತ್ಕೋ, ಬೆನ್ನು ಬಗ್ಗಿಸ್ಬೇಡ. ಪಂಪ್ ಬತ್ತಾ ಐತೆ. ಎಲ್ಲರ ಮುಂದೇನೇ ಎಳ್ಕೋ. ಎದ್ದು ಹೋಗೋರು ಹೋಗ್ಲಿ, ಚಹಾ ನಾನೇ ಕುಡೀತೀನಿ.

ಕ್ಷಮಿಸಿ. ಸ್ವಲ್ಪ ನೀರು ಕೊಡಿ.

ಅತಿಥಿಗಳು ಫೋನನ್ನು ನನ್ನ ಕಿವಿಗೆ ಹಿಡಿದಿದ್ದಾರೆ, ಒಂದು ನಿಮಿಷ. ಹ್ಞೂಂ. ಹ್ಞೂಂ, ನಾಗರಾಜಣ್ಣ.

ಸಿಕ್ಕಳಂತೆ. ನಿಲ್ಲು ಎಂದ ಮೇಲೂ ಒಂದಿಷ್ಟು ದೂರ ಓಡಿ, ಆಮೇಲೆ ಹುಣಸೆಮರದ ಕೆಳಗೆ ಕೂತಳಂತೆ. ಸುತ್ತ ಜನ ನಿಂತಿದ್ದರಂತೆ. ಅವರ ನಡುವೆಯೇ ಪಂಪ್ ಎಳೆದಳಂತೆ. ಉಸಿರು ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ.

ಕೇಳಿದ ನಿಮಗೆಲ್ಲ ಕೃತಜ್ಞತೆ. ಇತಿಹಾಸ ಅರ್ಧಕ್ಕೇ ನಿಂತಿತು, ಅಧ್ಯಕ್ಷರು ಮನ್ನಿಸಬೇಕು. ನನ್ನದೊಂದು ಕೋರಿಕೆ ಇದೆ. ಯಾರ ಮನೆಯ ಮಗುವಿಗೆ ಈ ಉಬ್ಬಸವಿದೆಯೋ, ಯಾರ ಮಗು ಇದನ್ನು ಬಚ್ಚಿಟ್ಟುಕೊಂಡು ಓಡುತ್ತಿದೆಯೋ, ಅವರು ನನಗೊಂದು ಕಾಗದ ಬರೆಯಲಿ. ಸಂಘದ ವಿಳಾಸಕ್ಕೆ, ಗಫಾರ್ ಅಂತ ಹಾಕಿದರೆ ಸಾಕು. ಮುಂದಿನ ಓಟದಲ್ಲಿ ಪಂಪ್ ಕೈಯಲ್ಲಿ ಹಿಡಿದು ಓಡುವವಳು ನಮ್ಮ ಹುಡುಗಿ ಒಬ್ಬಳೇ ಆಗಬಾರದು. ಬೇಗ ಬರೆಯಿರಿ. ನಾನೀಗ ಆಸ್ಪತ್ರೆಗೆ ಹೊರಟೆ. ನಮಸ್ಕಾರ.