ಬಹುಮಾನದ ಪೀಪಾಯಿ

ಬಿಯರ್ ಸ್ಪರ್ಧೆಯಲ್ಲಿ, ಎಂಟು ತಿಂಗಳು ಮರದ ಪೀಪಾಯಿಯಲ್ಲಿ ಮಾಗಿದ ಬಿಯರಿನ ರುಚಿ ನೋಡಲು ಜನ ಸಾಲುಗಟ್ಟಿದ್ದರು. ರಜೆ ಹಾಕಿ ಬಂದಿದ್ದ ಪೋಸ್ಟ್‌ಮ್ಯಾನ್ ಒಂದು ಗುಟುಕು ಹೀರಿ ಬಾಯಿ ಚಪ್ಪರಿಸಿದ. ಪಕ್ಕದಲ್ಲೇ ಬಿಯರ್ ತಯಾರಿಸಿದವನೂ ಪೀಪಾಯಿ ರಿಪೇರಿ ಮಾಡಿದ್ದ ಅವನ ಮಾವನೂ ಪಿಸುಗುಟ್ಟುತ್ತಿದ್ದರು. ಪೋಸ್ಟ್‌ಮ್ಯಾನನ ಕಿವಿ ನೆಟ್ಟಗಾಯಿತು.

"ಮಾವ, ನಮಗೇ ಮೊದಲನೇ ಬಹುಮಾನ! ಹಳೇ ಚರ್ಮದ ಘಮ ಇದೆ ಅಂತ ತೀರ್ಪುಗಾರರು ಕುಣೀತಿದ್ದಾರೆ."

"ಚರ್ಮಾನಾ?"

"ಹೂಂ. ಎಲ್ಲಿಂದ ಬಂತು ಅಂತ ಕೇಳಿದ್ರು. ಮರದ್ದೇ ಗುಣ ಅಂದೆ."

"ಹಾಗೇ ಅಂದುಬಿಡಿ ಅಳಿಯಂದ್ರೇ."

"ಯಾಕೆ ಮುಖ ಹುಳ್ಳಗಾಯ್ತು?"

"ತಳ ಸೋರ್ತಿತ್ತು. ಏನು ಮಾಡಿದ್ರೂ ನಿಲ್ಲಲಿಲ್ಲ. ಕೊನೆಗೆ ಹಲಗೆ ಸಂದಿಗೆ ಒಂದು ಚೂರು ಚರ್ಮ ಹೊಡೆದೆ."

"ಎಲ್ಲಿಂದ ತಂದ್ರಿ?"

"ತರೋದೇನು, ಕಾಲಲ್ಲೇ ಇತ್ತು."

ಅಳಿಯ ಮಾವನ ಕಾಲು ನೋಡಿದ. ಪೋಸ್ಟ್‌ಮ್ಯಾನ್ ತನ್ನ ಲೋಟ ನೋಡಿದ.

"ಎಷ್ಟು ವರ್ಷ ಮೆಟ್ಟಿದ್ದ ಚಪ್ಪಲಿ?"

"ಹನ್ನೊಂದು."

"ಬರೋ ವರ್ಷಾನೂ ಇದೇ ರುಚಿ ಬೇಕಂತೆ ಮಾವ. ಇನ್ನೊಂದು ಕಾಲಿಂದು ಎಲ್ಲಿದೆ?"

"ಬಾಗಿಲ ಹಿಂದೆ ಬಿದ್ದಿತ್ತು. ಇವತ್ತು ಹಳೇದನ್ನೆಲ್ಲ ಎತ್ತಿ ಬಿಸಾಕ್ತೀನಿ ಅಂತ ನಿಮ್ಮತ್ತೆ ಬೆಳಿಗ್ಗೇನೇ ಸೆರಗು ಕಟ್ಟಿದ್ಳು."

ಬಹುಮಾನವನ್ನು ಅಲ್ಲೇ ಬಿಟ್ಟು ಇಬ್ಬರೂ ಮನೆ ಕಡೆ ಓಡಿದರು.