ಕೂರುವ ಹಕ್ಕಿನ ಮಸೂದೆ

...ನಗಬಹುದು ಅಕ್ಕ, ಧೈರ್ಯವಾಗಿ ನಗು. ಭಾವ ಇನ್ನೂ ವಿಧಾನಸಭೆಯ ಮೆಟ್ಟಿಲ ಮೇಲೇ ಇದ್ದಾರೆ, ನೋಡು ಟಿವಿಯಲ್ಲಿ. ಕ್ಯಾಮೆರಾದವರು ಹೊರಡೋವರೆಗೂ ಅವರು ಮನೆಗೆ ಬರಲ್ಲ. ಧ್ವನಿ ಬೇಡ, ಹಾಗೇ ಇರಲಿ. ಧ್ವನಿ ಇಲ್ಲದಿದ್ರೆ ನಿನ್ನ ಗಂಡ ಎಷ್ಟು ಒಳ್ಳೆಯವರಾಗಿ ಕಾಣ್ತಾರೆ.

ಮೊದಲು ಕಾಲು ಮೇಲಿಡು. ನಿನ್ನೆ ಆಪರೇಷನ್ ಮುಗಿಸಿ ಡಾಕ್ಟರು ಅಷ್ಟು ಹೇಳಿ ಕಳಿಸಿದ್ದಾರೆ. ಬ್ಯಾಂಡೇಜು ತುಂಬಾ ಬಿಗಿಯಾ? ಹೂಂ... ಇಡು, ಈ ಸ್ಟೂಲಿನ ಮೇಲೆ.

ಏನು ಹೇಳ್ತಿದ್ದೆ? ಹಾಂ, ಮಸೂದೆ. ಪಾಸಾಯ್ತು ಅಂದೆನಲ್ಲ, ಅವಿರೋಧವಾಗಿ. ಎದುರು ಪಕ್ಷದವರೂ ಮೇಜು ಕುಟ್ಟಿದ್ರು. ಅಂಗಡಿ ಕೆಲಸದ ಹೆಣ್ಣುಮಕ್ಕಳಿಗೆ ಕೂರೋಕೆ ಒಂದು ಸ್ಟೂಲು, ಕೂತಿದ್ದಕ್ಕೆ ಯಾರೂ ಸಂಬಳ ಹಿಡಿಯೋ ಹಾಗಿಲ್ಲ. ಎಲ್ಲ ನಿನ್ನ ವಾಕ್ಯಗಳೇ. ಈ ಊಟದ ಮೇಜಿನ ಮೇಲೆ ನೀನು ಬರೆದಿದ್ದು, ನಿನ್ನ ಗಂಡ, ನಮ್ಮ ಕಾರ್ಮಿಕ ಮಂತ್ರಿಗಳು, ಸಭೆಯಲ್ಲಿ ಓದಿದ್ದು. ಎರಡು ಕಡೆ ತಡವರಿಸಿದ್ರು, ಬಿಡು, ಅದು ಮಾಮೂಲಿ.

ಆಮೇಲೆ ಭಾಷಣ. ಏನಂದ್ರು ಗೊತ್ತಾ? "ನನ್ನ ತಾಯಿ ಬಟ್ಟೆ ಅಂಗಡಿಯಲ್ಲಿ ನಿಂತು ನಿಂತು ನನ್ನನ್ನು ಓದಿಸಿದರು." ನಿನ್ನ ಅತ್ತೆ, ಅಕ್ಕ. ಬಟ್ಟೆ ಅಂಗಡಿಗೆ ಹೋದ್ರೆ ಕುರ್ಚಿ ತರಿಸಿ, ಫ್ಯಾನು ಹಾಕಿಸಿ, ಅಂಗಡಿಯಲ್ಲಿದ್ದ ಬಟ್ಟೆಯನ್ನೆಲ್ಲ ಹರಡಿಸಿ, ಕೊನೆಗೆ ಒಂದು ಕರವಸ್ತ್ರ ತಗೊಂಡು ಬರ್ತಿದ್ದ ಆಯಮ್ಮ. ನಿಂತಿದ್ದು ನೀನು. ಕೌಂಟರಿನ ಹಿಂದೆ, ಬೆಳಗ್ಗೆಯಿಂದ ಅಂಗಡಿ ಬಾಗಿಲು ಹಾಕೋವರೆಗೆ, ನನ್ನ ಕಾಲೇಜು ಮುಗಿಯೋವರೆಗೆ. ಮನೆಗೆ ಬಂದು ಕಾಲು ಗೋಡೆಗೆ ಎತ್ತಿಟ್ಟು ಮಲಗ್ತಿದ್ದೆ, ನಾನು ಪಕ್ಕದಲ್ಲಿ ಕೂತು ಓದ್ತಿದ್ದೆ. ಆ ಕಾಲನ್ನ ಭಾವ ಇವತ್ತು ತಮ್ಮ ಅಮ್ಮನಿಗೆ ದಾನ ಮಾಡಿಬಿಟ್ರು. ಒಬ್ಬ ಶಾಸಕರು ಕಣ್ಣು ಬೇರೆ ಒರೆಸಿಕೊಂಡ್ರು.

ಅದನ್ನ ಕೇಳಿದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯ್ತು. ಅಲ್ಲೇ, ಆ ಕ್ಷಣದಲ್ಲೇ ತೀರ್ಮಾನ ಮಾಡಿದೆ. ಹಿಂದಿನ ಸಾಲಿನ ಶಾಸಕಿ ನಾನು, ನನ್ನ ಕಡೆ ಯಾರು ನೋಡ್ತಾರೆ? ಎದ್ದು ನಿಂತೆ. ನಿನಗೋಸ್ಕರ ಎದ್ದೆ ಅಕ್ಕ.

ವಿರೋಧಿಸಲಿಲ್ಲ. ಅಷ್ಟು ದಡ್ಡಿಯಾ ನಾನು? ಹೊಗಳಿದೆ, ಬಾಯಿ ತುಂಬ. "ಸಭಾಧ್ಯಕ್ಷರೇ, ಇಷ್ಟು ಒಳ್ಳೆಯ ಮಸೂದೆ ರೈಲು ನಿಲ್ದಾಣದ ಬಾಗಿಲಲ್ಲೇ ಯಾಕೆ ನಿಲ್ಲಬೇಕು? ಪ್ಲಾಟ್‌ಫಾರಂ ಅಂಗಡಿಯಲ್ಲಿ, ವಿಮಾನ ನಿಲ್ದಾಣದ ಅಂಗಡಿಯಲ್ಲಿ ನಿಂತಿರುವ ಹೆಣ್ಣುಮಕ್ಕಳಿಗೆ ಕಾಲಿಲ್ಲವೇ? ಅವರನ್ನೂ ಸೇರಿಸಿ ಅಂತ ನನ್ನ ತಿದ್ದುಪಡಿ." ಆ ಸದ್ದು ನೀನು ಕೇಳಬೇಕಿತ್ತು, ಮೇಜು ಮುರಿಯೋದೊಂದೇ ಬಾಕಿ. ಭಾವ ಎರಡೂ ಕೈ ಚಾಚಿ, "ನನ್ನ ನಾದಿನಿಯ ತಿದ್ದುಪಡಿಯನ್ನು ಹೃದಯಪೂರ್ವಕವಾಗಿ ಒಪ್ಪುತ್ತೇನೆ" ಅಂದ್ರು. ಅವರ ಹಿಂದೆ ಕಾನೂನು ಕಾರ್ಯದರ್ಶಿ ಬೇಡ ಬೇಡ ಅಂತ ತಲೆ ಅಲ್ಲಾಡಿಸ್ತಾನೇ ಇದ್ರು. ಚಪ್ಪಾಳೆ ಬೀಳುವಾಗ ಹಿಂದೆ ತಿರುಗಿ ನೋಡೋ ಮಂತ್ರಿ ಯಾರಿದ್ದಾರೆ?

ಅರ್ಥ ಆಯ್ತಲ್ಲ? ನಿನಗಾಗದೆ ಇನ್ಯಾರಿಗೆ. ಊರಿನ ಅಂಗಡಿ ನಮ್ಮ ರಾಜ್ಯದ್ದು, ರೈಲು ವಿಮಾನ ಕೇಂದ್ರದ್ದು. ನಮ್ಮ ಸಭೆ ನಮ್ಮ ಹಿತ್ತಲಲ್ಲಿ ಏನು ಬೇಕಾದ್ರೂ ಕಟ್ಟಬಹುದು, ಪಕ್ಕದವರ ಗೋಡೆ ಮುಟ್ಟಿದ್ರೆ ಅವರನ್ನ ಕೇಳಬೇಕು. ಬರೀ ಅಂಗಡಿ ಅಂತಿದ್ದಿದ್ರೆ ರಾಜ್ಯಪಾಲರು ಸಹಿ ಹಾಕಿ, ಅಲ್ಲಿಗೆ ಕಾನೂನು. ಈಗ ಹಾಕಲ್ಲ, ರಾಷ್ಟ್ರಪತಿಗಳ ಒಪ್ಪಿಗೆ ಬೇಕು ಅಂತ ಕೇಂದ್ರಕ್ಕೆ ಕಳಿಸ್ತಾರೆ. ಅಲ್ಲಿ ಒಂದು ಇಲಾಖೆ ಇನ್ನೊಂದನ್ನ ಕೇಳುತ್ತೆ, ಅದು ಮತ್ತೊಂದನ್ನ. ಬೇಡ ಅಂತಾನೂ ಅನ್ನಲ್ಲ, ಹೂಂ ಅಂತಾನೂ ಅನ್ನಲ್ಲ. ಇತ್ತ ಚುನಾವಣೆಗೆ ಮುಂಚೆ ಇದೇ ಕಡೇ ಅಧಿವೇಶನ. ಭಾವ ಊರೂರಿಗೆ ಹೋಗಿ ಕಾನೂನು ತಂದೆ ಅಂತಾರೆ, ಹೆಣ್ಣುಮಕ್ಕಳು ಎಲ್ಲಿ ನಮ್ಮ ಸ್ಟೂಲು ಅಂತಾರೆ. ಚೆನ್ನಾಗಿಲ್ವಾ?

ಯಾಕೆ, ನಗು ಬರ್ತಿಲ್ವಾ?

ಆ ಹೆಣ್ಣುಮಕ್ಕಳ ಗತಿ ಏನು ಅಂತೀಯಾ... ಸರಿ, ನೀನೇನೂ ಅನ್ನಲಿಲ್ಲ. ಇಷ್ಟು ವರ್ಷ ನಿಂತಿದ್ದಾರೆ ಅಕ್ಕ, ಇನ್ನೊಂದು ಸ್ವಲ್ಪ ದಿನ. ಹೊಸ ಸಭೆ ಬರುತ್ತೆ, ಹೊಸ ಮಂತ್ರಿ ಬರ್ತಾರೆ, ಆವಾಗ ನಾನೇ... ಅಂದ್ರೆ, ಯಾರಾದ್ರೂ ತರ್ತಾರೆ. ರೈಲಿನ ಸಾಲು ತೆಗೆದುಹಾಕಿದ್ರಾಯ್ತು.

ಅಷ್ಟಕ್ಕೂ ಇದು ಭಾವನ ತಪ್ಪೇ. ತಿದ್ದುಪಡಿಗೆ ಹಿಂದಿನ ದಿನವೇ ನೋಟಿಸು ಕೊಡಬೇಕು, ಇಲ್ಲದಿದ್ರೆ ಸಭಾಧ್ಯಕ್ಷರು ಕೈಗೇ ತಗೊಳ್ಳಲ್ಲ. ನನ್ನದು ನಿನ್ನೆ ಸಂಜೆಯೇ ಅವರ ಕಡತದ ಜೊತೆ ಈ ಮನೆಗೆ ಬಂದಿದೆ. ಅವರು ಓದ್ತಾರಾ? ಓದಿ ಹೇಳೋದು ನೀನು. ನೀನು ನಿನ್ನೆ ತಡರಾತ್ರಿಯವರೆಗೂ ಆಸ್ಪತ್ರೆಯಲ್ಲಿ...

ಏನು ಹಾಗೆ ನೋಡ್ತೀಯ.

ಹೂಂ. ನೋಟಿಸು ನಿನ್ನೆ, ಭಾಷಣ ಇವತ್ತು. ಅವರು ಏನೋ ಒಂದು ಸುಳ್ಳು ಹೇಳೇ ಹೇಳ್ತಾರೆ ಅಂತ ಗೊತ್ತಿತ್ತು, ಅದಕ್ಕೆ... ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ನಾನೇ, ಹೌದು. ಆಪರೇಷನ್ ನಿನ್ನೆಗೇ ಅಂತ ಡಾಕ್ಟರ ಹತ್ತಿರ ಗೊತ್ತು ಮಾಡಿಸಿದ್ದೂ ನಾನೇ. ನಿನ್ನ ಕಾಲು ಹಾಗಿತ್ತಲ್ಲ ಅಕ್ಕ. ನಿನ್ನ ಕಾಲು ನೋಡಿದ್ರೆ ನನಗೆ... ಬೈ ಬೇಕಾದ್ರೆ.

ಮಂತ್ರಿ ಪದವಿ ನನಗೆ ಅಂದಿದ್ರು. ಮುಖ್ಯಮಂತ್ರಿಗಳೇ ಬಾಯಿಬಿಟ್ಟು ಹೇಳಿದ್ರು. ಪ್ರಮಾಣವಚನದ ದಿನ ಉಡೋಕೆ ಬಟ್ಟೆ ನೀನೇ ಆರಿಸಿಕೊಟ್ಟೆ. ಬೆಳಗ್ಗೆ ಎದ್ದು ನೋಡಿದ್ರೆ ನಿನ್ನ ಗಂಡನ ಹೆಸರು. ಒಂದೇ ಮನೆಗೆ ಎರಡು ಕೊಡೋಕಾಗಲ್ಲವಂತೆ. ನಾನು ಓಡಿ ಬಂದೆ ನಿನ್ನ ಹತ್ತಿರ. ನೀನು ಇದೇ ಕುರ್ಚಿಯಲ್ಲಿ ಕೂತು, ಹೋಗಲಿ ಬಿಡೇ, ನಮ್ಮ ಮಸೂದೆ ಬಂದ್ರೆ ಸಾಕು, ಯಾರು ತಂದ್ರೇನು ಅಂದೆ. ಯಾರು ತಂದ್ರೇನು. ಅದನ್ನ ನಾನು ಇವತ್ತಿಗೂ ನುಂಗಿಲ್ಲ ಅಕ್ಕ.

ಕಾರು ಬಂತು. ಅವರಿಗೆ ನೀನು ಹೇಳ್ತೀಯಾ, ನಾನು ಹೇಳಲಾ?

ಏಳಬೇಡ. ನಿಲ್ಲಲೇಬಾರದು ಅಂದಿದ್ದಾರೆ ಡಾಕ್ಟರು. ನೋಯುತ್ತೆ ಅಕ್ಕ. ಹೀಗೆ ನನ್ನ ಎದುರಿಗೆ ನಿಂತುಕೊಂಡು...

ಕೂತ್ಕೋ. ಅಕ್ಕ, ಕೂತ್ಕೋ.