ಬೂದಿ ಬೀಳದ ಬೆಂಕಿ

...ಅಲ್ಲ, ಹೆದರಬ್ಯಾಡ್ರಿ ಚಂದಮ್ಮ ಬೀಗರ, ಅದು ಕಚ್ಚಂಗಿಲ್ಲ. ಗುಂಡಿ ಒತ್ತಿದ್ರ ಕೆಂಪಗಾಗ್ತದ, ಬಿಟ್ರ ಕರ್ರಗಾಗ್ತದ. ಇಷ್ಟೇ ಅದರ ವಿದ್ಯಾ. ನೋಡ್ರಿ, ಸುರುಳಿ ತಂತಿ ಹ್ಯಾಂಗ ಕೆಂಪೇರಲಿಕತ್ತದ. ಇದಕ್ಕ ಕರೆಂಟಿನ ಶೆಗಡಿ ಅಂತಾರ, ನಿಮ್ಮ ಅಳಿಯ ಅಮೃತಪ್ಪ ಹೈದ್ರಾಬಾದಿಂದ ತಂದದ್ದು. ಇನ್ನ ಇಲ್ಲಿ ಪಿತ್ತಾಳಿ ಹೊಟ್ಟಿ ಉಬ್ಬಿಸ್ಕೊಂಡು ಕುಂತದಲ್ಲ, ಇದು ಸ್ಟೋ, ಮಂದಿ ಗ್ಯಾಸು ಅಂತಾರ. ಪಂಪ್ ಹೊಡದು ಹಚ್ಚಬೇಕು. ಮದುವಿ ಮೆರವಣಿಗ್ಯಾಗ ತಲಿ ಮ್ಯಾಲ ಹೊತ್ಕೊಂಡು ನಡೀತಾರಲ್ಲ, ಭರ್ ಅನ್ನೋ ಗ್ಯಾಸ್‌ಬತ್ತಿ, ಅದರ ತಮ್ಮ ಅಂತ ತಿಳೀರಿ. ಚಿಮಣಿ ಎಣ್ಣಿ ಕುಡೀತದ, ಗುರ್ ಅಂತದ, ಒಂದು ಹಂಡೆ ನೀರು ಎಲಿ ಅಡಿಕಿ ಹಾಕ್ಕೊಳ್ಳೋದ್ರಾಗ ಕಾಸಿ ಕೊಡ್ತದ.

ಎರಡೂ ಇಟ್ಟೀನಿ ನಿಮ್ಮ ಮುಂದ. ಈಗ ಹೇಳ್ರಿ. ಕರೆಂಟಾ, ಗ್ಯಾಸಾ?

ಯಾಕ್ರೀ, ಬಾಗಲಾ ಬಿಟ್ಟು ಒಳಗ ಬರವಲ್ರಿ. ಕುಂಚಾವರಂ ಅಡವ್ಯಾಗಿಂದ ಶಹಾಬಾದ ತನಕ ಬಂದ ದಣಿವೇನು? ಕುಂಡ್ರಿ ಹೊರಸಿನ ಮ್ಯಾಲ... ಬ್ಯಾಡಾ? ಅದೇ ಹೊರಸು ಅಂತೇನು? ನುಲಿ ಬಿಚ್ಚಿ ಹೊಸಾದು ಹೆಣಸೀನಿ. ಆಯ್ತು, ಬಾಗಲಾಗೇ ನಿಂದರ್ರಿ, ನಿಮ್ಮ ಕಾಲು, ನಿಮ್ಮ ನೋವು. ಕೂಸಿನ್ನರ ಕೊಡ್ರಿ ಇಲ್ಲಿ. ಅದೂ ಬ್ಯಾಡಾ. ಬಂದಾಗಿಂದ ಎದಿಗಿ ಅವಚ್ಕೊಂಡು ನಿಂತೀರಿ, ಯಾರೋ ಕಸ್ಕೋತಾರ ಅನ್ನೋರಂಗ. ರೇವಣಪ್ಪ ಅಂತ ಹೆಸರಿಟ್ಟೀವಿ, ನಮ್ಮ ಮಾವನ ಹೆಸರು. ನಿಮ್ಮ ಮಗಳು ಸಾಬಮ್ಮ ಒಂದು ಸಲ ಬಾಯಿ ಬಿಟ್ಟಿದ್ಲು, ನಮ್ಮಪ್ಪನ ಹೆಸರು ಇಡೋಣ ಅತ್ತಿ ಅಂತ. ನಿಮ್ಮಪ್ಪಗ ಹೆಸರೂ ಅದೇನು ಅಂತ ಕೇಳಿದೆ. ಅಂದಿನಿಂದ ಬಿಟ್ಲು ನೋಡ್ರಿ ಆ ಮಾತು. ಹೇಳಿದ್ರ ಕೇಳೋ ಹುಡುಗಿನೇ ಇದ್ಲು, ಇಲ್ಲ ಅನ್ನಂಗಿಲ್ಲ.

ಹೂಂ, ಮಾತಿಗಿ ಬರೋಣ. ನಿಮ್ಮ ಯಜಮಾನ್ರು ಹೇಳಿ ಕಳಿಸ್ಯಾರಂತಲ್ಲ, ‘ಹಿರೀ ಮಗಳು ಇದ್ದಲಿ ಶೆಗಡಿಗಿ ಸತ್ತಾಳ, ಇದ್ದಲಿ ಇಡೋ ಮನಿಗಿ ಕಿರೀ ಮಗಳನ್ನ ಕೊಡಂಗಿಲ್ಲ’ ಅಂತ. ನಾ ಮನಸಿಗಿ ಹಚ್ಕೊಳ್ಳಲಿಲ್ಲ. ಇದ್ದಲಿ ಚೀಲಾ ಎತ್ತಿ ಬಾಜೂ ಮನಿ ಜಾನಬಿಗಿ ಕೊಟ್ಟೆ. ಹೋದ ವಾರ ಈ ಪಿತ್ತಾಳಿ ಗ್ಯಾಸು ತರಿಸಿದೆ. ನಿಮ್ಮ ಕಿರೀ ಮಗಳು ಪೀರಮ್ಮ ಈ ಮನಿಗಿ ಬರೋಕಿ, ಇವತ್ತಿಲ್ಲ ನಾಳೆ ಬಸರಾಗೋಕಿ, ಇದೇ ಖೋಲ್ಯಾಗ ಬಾಣಂತಿ ಆಗಿ ಮಲಗೋಕಿ. ಆಕಿ ಮೈ ಯಾವ ಬೆಂಕೀಲೆ ಕಾಸಬೇಕು ಅನ್ನೋದು ಹೆತ್ತಾಕಿನೇ ಬಂದು ಹೇಳಲಿ ಅಂದೆ. ಇಂಥಾ ಅತ್ತಿ ಸೇಡಂ, ಚಿತ್ತಾಪುರ ಎಲ್ಲಾ ತಿರಗ್ಯಾಡಿದ್ರೂ ಸಿಗ್ತಾಳೇನ್ರಿ?

ಅಕ್ಕನ ಕೂಸಿಗಿ ತಂಗೀನೇ ತಾಯಿ. ಇದು ನಾ ಮಾಡಿದ್ದಲ್ಲ, ಹಿಂದಿಂದ ಬಂದದ್ದು. ಬ್ಯಾರೆ ಮನಿ ನೋಡ್ತೀವಿ ಅಂದ್ರ ನೋಡ್ರಿ ಪಾ. ನಿಮ್ಮದು ಬಾಣಂತನದಾಗ ಹೆಣ್ಣಮಕ್ಕಳು ಸಾಯೋ ಮನಿತನ ಅಂತ ವಾಡಿ ತನಕ ಸುದ್ದಿ ಹೋಗ್ಯದ. ಚಿಂಚೋಳಿಗೂ ಮುಟ್ಟಿರಬೇಕು. ಯಾರು ಹಬ್ಬಿಸಿದ್ರು ಅಂತ ನನ್ನ ಕೇಳಬ್ಯಾಡ್ರಿ. ಮಂದಿ ಬಾಯಿಗಿ ಮುಚ್ಚಳ ಎಲ್ಲದ. ಪೀರಮ್ಮಗ ಈಗ ಬಾಗಲಾ ತೆರದು ನಿಂತ ಮನಿ ಅಂದ್ರ ಇದೊಂದೇ.

ಹಾಂ, ನೋಡ್ರಿ, ಪೂರ್ತಿ ಕೆಂಪಾತು. ಕೈ ಹಿಡೀರಿ ಮುಂದ. ಶಾಖ ಅದ, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಕೇಳಿದ್ರ ಇದು ಬೆಂಕಿ ಅಲ್ಲ. ಬೆಂಕಿ ಅಂದಮ್ಯಾಲ ಬೂದಿ ಬೀಳಬೇಕು. ಬೂದಿ ಬಿದ್ರ ನಾಕು ಭಾಂಡೇನರ ತಿಕ್ಕಬಹುದು. ಇದು ಬಂತು, ಹೋತು, ಗುರ್ತೇ ಇಲ್ಲ. ಬೂದಿ ಬೀಳದ ಬೆಂಕೀಲೆ ಕಾಸಿದ ಮೈ ಒಣಗ್ತದ, ಹಾಲು ಬತ್ತತದ. ಅಮೃತಪ್ಪ ಇದನ್ನ ಆಗೇ ತಂದಿದ್ದ, ಸಾಬಮ್ಮನ ಬಾಣಂತನಕ್ಕ ಅಂತ. ಹೆಂಡ್ತಿಗಿ ಹೈದ್ರಾಬಾದಿನ ಶೆಗಡಿ, ಹೆತ್ತ ತಾಯಿಗಿ ಒಂದು ಸೀರಿ ಇಲ್ಲ. ನಾ ಏನಂದೆ? ಏನೂ ಅನ್ನಲಿಲ್ಲ. ಅಂವ ಕಂಪನಿ ಪಾಳಿಗಿ ಹೋದಮ್ಯಾಲ ಬಟ್ಟಿ ಕಟ್ಟಿ ಜ್ವಾಳದ ಚೀಲದ ಹಿಂದ ಇಟ್ಟೆ. ಬಾಣಂತಿ ಹೊರಸಿನ ಕೆಳಗ ಇದ್ದಲಿ ಶೆಗಡಿ, ಮ್ಯಾಲ ಚೂರು ಲೋಬಾನ, ಕಿಡಕಿ ಸಂದಿಗಿ ಅರಿವಿ. ನಮ್ಮತ್ತಿ ನಂಗ ಹಿಂಗೇ ಮಾಡಿದ್ಲು, ಐದು ಬಾಣಂತನ. ನಾ ಸತ್ತೀನೇನು?

ನಿಮ್ಮ ಮಗಳಿಗಿ ತಲಿ ನೋವಂತ. ಎರೆದುಕೊಂಡು ಮಲಗಿದ್ರ ಸಾಕು, ‘ಅತ್ತಿ, ತಲಿ ಸಿಡೀಲಿಕತ್ತದ.’ ತಲಿ ಇದ್ದೋರಿಗಿ ತಲಿ ನೋಯ್ತದ, ನಿಂಗ್ಯಾಕವ್ವ ಅಂದೆ. ಜಾನಬಿ ಗ್ವಾಡಿ ಆಚೀ ಕಡಿ ನಕ್ಕಿದ್ದು ಕೇಳ್ತು ನಂಗ. ನೀವೂ ನಗಬಹುದು, ತಪ್ಪಿಲ್ಲ.

ನಗವಲ್ರಿ. ಮೊದಲ ಭಾಳ ನಗ್ತಿದ್ರಿ. ಚೊಚ್ಚಲ ಬಾಣಂತನಕ್ಕ ಮಗಳನ್ನ ಕರೀಲಿಕ್ಕ ಬಂದಾಗ, ನಾ ಅಂದಿಲ್ಲೇನು, ಇಲ್ಲಿ ಕಂಪನಿ ದವಾಖಾನಿ ಅದ, ಕಂಪನಿ ಮನಿ ಅದ, ಕರೆಂಟ್ ಅದ, ನಿಮ್ಮಲ್ಲಿ ಏನದ, ಕರಡಿ ಅವ ಅಂತ? ನೀವು ಪಡಸಾಲ್ಯಾಗ ಕುಂತು ಸೆರಗು ಬಾಯಿಗಿ ಹಿಡ್ಕೊಂಡು ನಕ್ರಿ. ನಕ್ಕೊಂತ ಬಿಟ್ಟು ಹೋದ್ರಿ. ಆಕಿ ಗೇಟಿನ ತನಕ ನಿಮ್ಮ ಹಿಂದ ಬಂದಿದ್ಲು, ನೆನಪದೇನು? ತಿರಗಿ ನೋಡಲಿಲ್ಲ ನೀವು. ರೈಲು ತಪ್ಪತದ ಅಂದ್ರಿ. ಬಿಟ್ಟು ಹೋದಾಕಿ ನೀವು, ಇಟ್ಕೊಂಡಾಕಿ ನಾ. ಈಗ ತಪ್ಪು ಯಾರ ಕಡಿ ಹಾಕ್ತೀರಿ?

ಅದಿರಲಿ. ಡಾಕ್ಟರ್ ಚೀಟಿ ಮ್ಯಾಲ ಏನು ಬರದಾನ ಗೊತ್ತೇನು? ಗ್ಯಾಸಿನಿಂದ ಸತ್ತಾಳ ಅಂತ. ಅಮೃತಪ್ಪ ಓದಿ ಹೇಳಿದಾಗ, ಹೆಣಾ ಇನ್ನ ಒಳಗದ, ನಂಗ ನಗು ತಡೀಲಿಕ್ಕ ಆಗಲಿಲ್ಲ. ಅಪ್ಪಾ ಡಾಕ್ಟರಾ, ಆಗ ನಮ್ಮ ಮನ್ಯಾಗ ಗ್ಯಾಸ್ ಎಲ್ಲಿತ್ತಪಾ? ಸ್ಟೋ ಇಲ್ಲ, ಬತ್ತಿ ಇಲ್ಲ, ಪಂಪ್ ಹೊಡದೋರಿಲ್ಲ. ಇದ್ದದ್ದು ಬರೇ ಇದ್ದಲಿ. ಆ ಡಾಕ್ಟರ್ ಅಂದ, ಇದ್ದಲಿಗೂ ಗ್ಯಾಸ್ ಇರ್ತದಂತ. ಹೊಗಿ ಇರಂಗಿಲ್ಲಂತ, ವಾಸನಿ ಇರಂಗಿಲ್ಲಂತ, ಕಣ್ಣಿಗಿ ಕಾಣಂಗಿಲ್ಲಂತ. ಯಾರಿಗೂ ಕಾಣಲಾರದ್ದು ಇವಗೊಬ್ಬಗ ಹ್ಯಾಂಗ ಸಿಕ್ಕಿತು?

ಕೆಟ್ಟ ಗಾಳಿ ಅಂದ್ರೇನು ಅಂತ ಈ ಮಹಾದೇವಮ್ಮಗ ಯಾರೂ ಕಲಿಸೋದು ಬ್ಯಾಡ. ನನ್ನ ತವರು ಕೋಡ್ಲಾ. ಹಗೇವಿನ ಜ್ವಾಳ ತಿಂದು ಬೆಳದಾಕಿ. ನಿಮ್ಮ ಅಡವಿ ಕಡಿ ಹಗೇವ ಎಲ್ಲಿರ್ತಾವ, ತುಂಬಿಡಲಿಕ್ಕ ಜ್ವಾಳ ಇದ್ರಲ್ಲ. ನೆಲದಾಗ ಆಳುದ್ದ ತಗ್ಗು ತೋಡಿ, ಜ್ವಾಳ ತುಂಬಿ, ಮ್ಯಾಲ ಮಣ್ಣು ಬಡದು ವರ್ಷಗಟ್ಟಲೆ ಮುಚ್ಚಿಡ್ತಾರ. ತೆಗೆಯೋ ದಿನಾ ಮೊದಲ ಮನಷ್ಯಾನ್ನ ಇಳಸಂಗಿಲ್ಲ. ಹಗ್ಗಕ್ಕ ದೀಪಾ ಕಟ್ಟಿ ಇಳಸ್ತಾರ. ದೀಪಾ ಚಂದ ಉರದ್ರ ಇಳೀಬೇಕು. ದೀಪಾ ಸಣ್ಣಗಾತೋ, ಒಳಗ ಸಾವದ, ಒಬ್ಬರೂ ಇಳೀಬಾರ್ದು. ನಮ್ಮಪ್ಪ ಹಗ್ಗಾ ನನ್ನ ಕೈಯಾಗ ಕೊಡ್ತಿದ್ದ. ಎಂಟು ವರ್ಷದಾಕಿ ನಾ. ಈ ಹುಡುಗಿ ಕಣ್ಣು ಚಲೋ, ದೀಪಾ ಜರಾ ಕುಗ್ಗಿದ್ರೂ ಹಿಡೀತಾಳ ಅಂತಿದ್ದ. ಒಂದು ಸಲ ಆಳುಮಗ ಒಬ್ಬ ಕಾಲು ಇಳಿಬಿಟ್ಟಿದ್ದ, ನಾ ಚೀರಿ ಹಿಂದಕ್ಕ ಎಳಿಸಿದೆ. ಇವತ್ತಿಗೂ ಬದುಕ್ಯಾನ ಅಂವ. ಈ ಖೋಲ್ಯಾಗೂ ದೀಪಾ ಇತ್ತಲ್ಲ, ಅಗೋ, ಆ ಗ್ವಾಡಿ ಗೂಡಿನಾಗ. ಬಾಣಂತಿ ದೀಪಾ ಆರಬಾರ್ದು ಅಂತ ನಾನೇ ಎಣ್ಣಿ ಹಾಕ್ತಿದ್ದೆ. ಉರೀತಿತ್ತು. ಅವತ್ತೂ ಕಡೀತನಕ ಚಂದ ಉರೀತಿತ್ತು.

ಅಂದ್ರ, ಉರದಿರಬೇಕು. ನಾ ಎಲ್ಲಿದ್ದೆ ನೋಡ್ಲಿಕ್ಕ? ಮುಂಜಾನೆ ಎರೆದು, ಶೆಗಡಿ ಇಟ್ಟು, ಮಲಗಿಸಿ ಮಠಕ್ಕ ಹೋಗಿದ್ದೆ. ಅಮೃತಪ್ಪ ಪಾಳಿಗಿ. ಮನ್ಯಾಗ ತಾಯಿ ಮಗಾ ಇಬ್ಬರೇ, ಈ ಖೋಲ್ಯಾಗ, ಈ ಹೊರಸಿನ ಮ್ಯಾಲ. ನಾ ಮಠದಿಂದ ಬರೋದ್ರಾಗ ಜಾನಬಿ ಬಾಗಲಾ ತೆಗದು ಬೊಬ್ಬಿ ಹೊಡೀಲಿಕತ್ತಿದ್ಲು.

ಆ ಚಿಲಕಾ ಯಾಕ ಅಲ್ಲಾಡಸ್ತೀರಿ? ಸಪ್ಪಳಕ್ಕ ಕೂಸು ಎದ್ದೀತು. ಬೆಕ್ಕಿನ ಸಲುವಾಗಿ ಬಡಿಗ್ಯಾನ್ನ ಕರದು ಹಾಕಿಸಿದ್ದು. ಬಾಣಂತಿ ಖೋಲ್ಯಾಗ ಬೆಕ್ಕು ಹೊಕ್ಕಬಾರ್ದು, ಇಷ್ಟೂ ಗೊತ್ತಿಲ್ಲೇನು? ಚಿಲಕಾ ಹೊರಗ ಯಾಕ ಅಂದ್ರ... ಬೆಕ್ಕು ಹೊರಗಿಂದೇ ಬರ್ತದಲ್ರಿ.

ಆಕಿಗಿ ಶಿಸ್ತೇ ಇದ್ದಿಲ್ಲ, ಅದು ಹೇಳ್ರಿ. ಹತ್ತನೇ ದಿನಕ್ಕ ಎದ್ದು ಪಡಸಾಲಿಗಿ ಬಂದು ನಿಂತಿದ್ಲು, ತಲಿ ಬಿಟ್ಕೊಂಡು, ಗಾಳಿ ಬೇಕಂತ. ಎದುರು ಮನ್ಯಾಗಿಂದ ಗಂಡಸರು ನೋಡಲಿಕತ್ತಾರ. ಅಡವ್ಯಾಗ ಬೆಳದ ಕಾಲು, ನಿಂತಲ್ಲಿ ನಿಂದ್ರಂಗಿಲ್ಲ. ರಜಾಕಾರರ ಗದ್ದಲದಾಗ ನಿಮ್ಮ ಮಂದಿ ಮೂರು ವಾರ ಗುಡ್ಡದಾಗ ಗಡ್ಡಿ ಗೆಣಸು ತಿಂದು ಬದುಕಿದ್ರಂತಲ್ಲ, ಸಾಬಮ್ಮನೇ ಹೇಳ್ತಿದ್ಲು. ಅಂಥಾಕಿ ಒಂದು ಪುಟ್ಟಿ ಇದ್ದಲಿಗಿ ಸಾಯ್ತಾಳೇನು? ನನ್ನ ಮಾತು ಅದೇ. ಹೋಗ್ಲಿ, ಡಾಕ್ಟರ್ ಬ್ಯಾಡ, ಚೀಟಿ ಬ್ಯಾಡ, ನೀವೇ ಹೇಳ್ರಿ. ಒಂದೇ ಖೋಲಿ, ಒಂದೇ ಹೊರಸು, ಒಂದೇ ಶೆಗಡಿ. ಇಪ್ಪತ್ತು ದಿನದ ಕೂಸು ಉಳೀತದ, ಇಪ್ಪತ್ತು ವರ್ಷದ ಹೆಂಗಸು ಸಾಯ್ತಾಳ. ಅಂದಮ್ಯಾಲ ತಪ್ಪು ಶೆಗಡೀದೋ, ಹೆಂಗಸಿನ ಮೈದೋ? ಅದಕ್ಕ ಜವಾಬು ಕೊಡ್ರಿ.

ಕೊಡ್ರಿ.

ಯಾಕ ಹಂಗ ನೋಡ್ತೀರಿ ಕೂಸಿನ್ನ? ಹೊಸಾದಾಗಿ ಕಂಡೋರಂಗ. ಮೂಗಿನ ಮುಂದ ಬೆರಳು ಯಾಕ ಹಿಡೀತೀರಿ, ಉಸರಾಡಲಿಕತ್ತಾನ, ಚಂದ ಅದಾನ. ಆಡಿನ ಹಾಲು ಕುಡಿಸಿ ಮೂರು ತಿಂಗಳು ಮಾಡೀನಿ. ನಮ್ಮ ಕಡಿ ಎಲುಬು ಗಟ್ಟಿ, ಅದಕ್ಕ ಉಳದಾನ. ಇನ್ನೇನದ ಅದರಾಗ.

ಬೀಗರ, ಹೊರಸು ನೋಡಬ್ಯಾಡ್ರಿ. ನನ್ನ ಮುಖಾ ನೋಡಿ ಮಾತಾಡ್ರಿ... ಅಲ್ಲ, ಹಿಂಗ ಬ್ಯಾಡ. ಏನರ ಕೇಳೋದಿದ್ರ ಬಾಯಿ ತೆಗದು ಕೇಳ್ರಿ. ಬರೋ ಮುಂದ ಜಾನಬಿ ಸಿಕ್ಕಿದ್ಲೇನು? ಗ್ವಾಡಿಗಿ ಕಿವಿ ಹಚ್ಕೊಂಡೇ ಕುಂಡ್ರೋಕಿ. ಏನಂದ್ಲು? ಆ ಹೊತ್ತಿನಾಗ ಕೂಸು ಪಡಸಾಲಿ ತೊಟ್ಟಲದಾಗ ಅಳೋದು ಕೇಳಿದೆ ಅಂದ್ಲು, ಹೌದಲ್ಲ?

ಅಂದಿಲ್ಲಾ?

ಜಾನಬಿ ಮುಖಾನೇ ನೋಡಿಲ್ಲಾ ನೀವು?

...ಅಳ್ತಿತ್ತು. ಆಯ್ತು, ಅಳ್ತಿತ್ತು. ಅತ್ರ ಏನಾತು, ಕೂಸು ಅಳದೇ ಇರ್ತದೇನು? ಮಠಕ್ಕ ಹೋಗೋ ಮೊದಲ ಒಂದು ಸಲ ಇಣಕಿ ನೋಡ್ದೆ. ಮಠಕ್ಕ... ಮಠಕ್ಕ ಹೋಗಲಿಲ್ಲ ಅವತ್ತು, ಥಂಡಿ ಭಾಳ ಇತ್ತು. ಇಣಕಿದೆ. ಕೂಸು ಮೊಲಿ ಬಿಟ್ಟು ಸುಮ್ಮನ ಬಿದ್ದಿತ್ತು, ಎತ್ತಿದ್ರ ಕತ್ತು ಹಿಂದಕ್ಕ ಜೋತು ಬಿತ್ತು. ಗೂಡಿನ ಕಡಿ ನೋಡ್ದೆ. ನೋಡಬೇಕಂತ ನೋಡ್ಲಿಲ್ಲ, ಕಣ್ಣು ಹೋತು, ರೂಢಿ. ದೀಪಾ ಸಣ್ಣಗಾಗಿತ್ತು.

ಕೂಸಿನ್ನ ಎತ್ಕೊಂಡೆ. ಎತ್ಕೋಬಾರ್ದಿತ್ತೇನು? ಪಡಸಾಲಿಗಿ ತಂದು ಗಾಳಿಗಿ ಹಿಡದೆ, ಬೆನ್ನು ತಟ್ಟಿದೆ, ಆಮ್ಯಾಲ ಅತ್ತಿತು. ನಿನ್ನ ಕೈಯಾಗ ಈಗ ಉಸರಾಡಲಿಕತ್ತದಲ್ಲ, ಅದು ನಾ ಕೊಟ್ಟ ಉಸರು. ನನ್ನ ಕಾಲಿಗಿ ಬೀಳಬೇಕು ನೀ.

ಆಕಿ ಅಂದ್ಲು, ಅತ್ತಿ ನಾನೂ ಬರ್ತೀನಿ ಹೊರಗ. ಎದ್ದು ಕುಂತ್ಲು, ಮತ್ತ ಬಿದ್ಲು. ನಾಟಕಾ ಅಂದ್ಕೊಂಡೆ. ಮತ್ತ ತಲಿ ಬಿಟ್ಕೊಂಡು ಪಡಸಾಲ್ಯಾಗ ನಿಂದ್ರತಾಳ, ಮತ್ತ ಎದುರು ಮನಿಯವರು... ಗಾಳಿ ಬಡೀತದ ಮಲಗು ಅಂತ ಬಾಗಲಾ ಎಳ್ಕೊಂಡೆ. ಬಡದ್ಲು. ಎರಡು ಸಲ. ನಾ ತೊಟ್ಟಲದ ಹಗ್ಗಾ ಹಿಡ್ಕೊಂಡು ಜೋಗುಳಾ ಹಾಡಲಿಕತ್ತಿದ್ದೆ, ಕೂಸಿಗಿ ಈಗಷ್ಟೇ ನಿದ್ದಿ ಹತ್ತಿತ್ತು, ಜೋರಾಗಿ ಹಾಡಿದೆ. ಮೂರನೇ ಸಲ ಬಡೀಲಿಲ್ಲ. ಆಕಿಗೂ ನಿದ್ದಿ ಹತ್ತಿತು, ಚಲೋ ಆತು ಅಂದ್ಕೊಂಡೆ.

ಮುಗೀತು. ಆಗಿದ್ದು ಆತು. ಈಗ ಇದ್ದಲಿ ಇಲ್ಲ ಮನ್ಯಾಗ, ಒಂದು ಚೂರಿಲ್ಲ. ಪೀರಮ್ಮಗ ಏನಿಡಬೇಕು ಹೇಳು ಅಷ್ಟೇ. ಕರೆಂಟಾ, ಗ್ಯಾಸಾ?

ಕೂಸಿನ್ನ ಎಲ್ಲಿ ಒಯ್ಲಿಕತ್ತಿ? ಹೊರಗ ಥಂಡಿ ಅದ, ಚಂದಮ್ಮ. ಬಾಗಲಾ ಎಳೀಬ್ಯಾಡ, ನಾ ಇನ್ನ ಒಳಗೇ ಅದೀನಿ. ಏ, ಚಂದಮ್ಮ... ಚಿಲಕಕ್ಕ ಯಾಕ ಕೈ ಹಾಕ್ತಿ? ಬೆಕ್ಕಿಲ್ಲವ್ವ ಮನ್ಯಾಗ. ಬೆಕ್ಕು ಎಂದೂ ಇದ್ದಿಲ್ಲ.